ಪಿಟಿರಿಮ್ ಸೊರೋಕಿನ್: ಬದುಕು ಮತ್ತು ಸಾಮಾಜಿಕ ಚಲನೆಯ ತೌಲನಿಕ ಅಧ್ಯಯನ

1. ಪ್ರವೇಶ

ಸಾಮಾಜಿಕ ಚಲನೆ ಎಂಬ ಪರಿಕಲ್ಪನೆ ಕನ್ನಡದ ಸಾಹಿತ್ಯ ಸಂಶೋಧನೆಗೆ ಹೊಸದೇನಲ್ಲ. ಕಾದಂಬರಿ, ಆತ್ಮಕಥನ ಹಾಗೂ ವಲಸೆಯ ಕಥನಗಳನ್ನು ಕುರಿತ ಪ್ರಬಂಧಗಳಲ್ಲಿ ಅದು ಪದೇ ಪದೇ ಬಳಕೆಯಾಗುತ್ತದೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಈ ಪದವನ್ನು ಏಳಿಗೆ ಎಂಬುದಕ್ಕೆ ಪರ್ಯಾಯವಾಗಿಯೇ ಬಳಸಲಾಗುತ್ತದೆ. ಕೆಳಗಿದ್ದವನು ಮೇಲೆ ಬಂದ ಎಂಬುದೂ, ಸಮಾಜ ಮುಂದೆ ಸಾಗಿತು ಎಂಬುದೂ ಎರಡು ಬೇರೆ ಹೇಳಿಕೆಗಳು. ಈ ಬಳಕೆಯಲ್ಲಿ ಅವೆರಡೂ ಒಂದಾಗಿಬಿಡುತ್ತವೆ. ಇವನ್ನು ಬೇರ್ಪಡಿಸಿ ನೋಡಬೇಕೆಂದು ವ್ಯವಸ್ಥಿತವಾಗಿ ವಾದಿಸಿದವರಲ್ಲಿ ಮೊದಲಿಗ ರಷ್ಯಾ ಮೂಲದ ಅಮೆರಿಕನ್ ಸಮಾಜಶಾಸ್ತ್ರಜ್ಞ ಪಿಟಿರಿಮ್ ಅಲೆಕ್ಸಾಂಡ್ರೊವಿಚ್ ಸೊರೋಕಿನ್ (1889-1968). 1927ರಲ್ಲಿ ಪ್ರಕಟವಾದ ಅವನ 'ಸೋಶಿಯಲ್ ಮೊಬಿಲಿಟಿ' ಈ ಕ್ಷೇತ್ರದ ಮೊದಲ ಸಮಗ್ರ ಗ್ರಂಥವೆಂದು ಮಾನ್ಯವಾಗಿದೆ.

ಸೊರೋಕಿನ್‌ನ ಬದುಕೇ ಸಾಮಾಜಿಕ ಚಲನೆಯ ಒಂದು ಅಸಾಧಾರಣ ನಿದರ್ಶನ. ಉತ್ತರ ರಷ್ಯಾದ ಕುಗ್ರಾಮದ ಅನಾಥ ಬಾಲಕನೊಬ್ಬ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥನಾದ. ಹೀಗಿದ್ದೂ ಅವನು ತನ್ನ ಏಳಿಗೆಯನ್ನು ಸಮಾಜದ ಪ್ರಗತಿಗೆ ಸಾಕ್ಷ್ಯವೆಂದು ಮುಂದಿಡಲಿಲ್ಲ. ಈ ನಿರಾಕರಣೆಯ ಹಿನ್ನೆಲೆಯನ್ನು ಅವನ ಜೀವನದ ಘಟ್ಟಗಳಲ್ಲಿ ಗುರುತಿಸುವುದು, ಅದು ಕೈಗಾರಿಕಾ ಸಮಾಜಗಳ ತೌಲನಿಕ ಅಧ್ಯಯನಕ್ಕೆ ನೀಡಿದ ದಿಕ್ಕನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಬಾಲ್ಯ ಮತ್ತು ಶಿಕ್ಷಣ

ಸೊರೋಕಿನ್ ಹುಟ್ಟಿದ್ದು 1889ರಲ್ಲಿ, ಆಗಿನ ವೊಲೊಗ್ಡಾ ಪ್ರಾಂತ್ಯದ ತುರ್ಯಾ ಎಂಬ ಹಳ್ಳಿಯಲ್ಲಿ. ಕಾಡು, ನದಿ, ದೀರ್ಘ ಚಳಿಗಾಲಗಳ ಈ ಪ್ರದೇಶ ಕೋಮಿ ಜನಾಂಗದ ನೆಲೆ. ಕೋಮಿ ಭಾಷೆ ಫಿನ್ನೊ-ಉಗ್ರಿಕ್ ಕುಟುಂಬಕ್ಕೆ ಸೇರಿದ್ದು, ರಷ್ಯನ್ನಿಗೂ ಅದಕ್ಕೂ ಬಾಂಧವ್ಯವಿಲ್ಲ. ತಾಯಿ ಕೋಮಿ ರೈತಾಪಿ ಕುಟುಂಬದವಳು. ತಂದೆ ವೆಲಿಕಿ ಉಸ್ತ್ಯುಗ್ ಪಟ್ಟಣದಿಂದ ಬಂದ ರಷ್ಯನ್ ಕುಶಲಕರ್ಮಿ. ಊರಿಂದೂರಿಗೆ ಅಲೆಯುತ್ತ ಚರ್ಚುಗಳಿಗೆ ಬಣ್ಣ ಬಳಿಯುವುದು, ಸಂತರ ಚಿತ್ರಪಟಗಳನ್ನು ಬರೆಯುವುದು, ಅವುಗಳ ಲೋಹದ ಹೊದಿಕೆಗೆ ಮೆರುಗು ಕೊಡುವುದು ಅವನ ವೃತ್ತಿ. ಹೀಗೆ ಎರಡು ಭಾಷೆ, ಎರಡು ಸಂಸ್ಕೃತಿಗಳ ನಡುವೆ ಮಗು ಬೆಳೆಯಿತು.

ತಾಯಿ ತೀರಿಕೊಂಡಾಗ ಅವನಿನ್ನೂ ಚಿಕ್ಕ ಮಗು. ತಂದೆ ಕುಡಿತಕ್ಕೆ ಬಿದ್ದ. ಅಮಲಿನಲ್ಲಿ ಒಮ್ಮೆ ಮಕ್ಕಳ ಮೇಲೆ ಕೈಮಾಡಿದ ಪ್ರಸಂಗದ ಬಳಿಕ ಪಿಟಿರಿಮ್ ತನ್ನ ಅಣ್ಣನೊಡನೆ ಮನೆ ಬಿಟ್ಟ. ಇಬ್ಬರೂ ತಂದೆಯ ಕಸುಬನ್ನೇ ಮಾಡುತ್ತ ಹಳ್ಳಿಯಿಂದ ಹಳ್ಳಿಗೆ ತಿರುಗಿದರು. ತಮ್ಮ ಮಾತ್ರ ಚಿಕ್ಕಮ್ಮನ ಮನೆಯಲ್ಲಿ ಬೆಳೆದ. ಕೆಲಸ ಅರಸಿ ಹೋದ ಗಾಮ್ ಎಂಬ ಊರಿನಲ್ಲಿ ಆ ಸಮಯಕ್ಕೆ ಶಾಲೆಯ ಪ್ರವೇಶ ಪರೀಕ್ಷೆ ನಡೆಯುತ್ತಿತ್ತು. ಯಾವ ಸಿದ್ಧತೆಯೂ ಇಲ್ಲದೆ ಹುಡುಗ ಅದಕ್ಕೆ ಕುಳಿತು ಉತ್ತೀರ್ಣನಾದ. ದೊರೆತ ಅಲ್ಪ ಮೊತ್ತದ ವಿದ್ಯಾರ್ಥಿವೇತನದಿಂದ ಊಟ ವಸತಿ ಸಾಗಿತು. ಆ ದಿನ ಅವನು ಬೇರೊಂದು ಹಳ್ಳಿಯಲ್ಲಿದ್ದಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ. ವ್ಯಕ್ತಿಯ ಯೋಗ್ಯತೆಯಷ್ಟೇ ಅವನು ಪ್ರವೇಶಿಸುವ ಸಂಸ್ಥೆಯ ಸ್ವರೂಪವೂ ಅವನ ಗತಿಯನ್ನು ನಿರ್ಧರಿಸುತ್ತದೆ ಎಂಬ ಅವನ ಮುಂದಿನ ಪ್ರತಿಪಾದನೆಯನ್ನು ಓದುವಾಗ ಈ ಪ್ರಸಂಗವನ್ನು ನೆನಪಿಡುವುದು ಉಚಿತ.

1904ರಲ್ಲಿ ಕೊಸ್ತ್ರೊಮಾ ಪ್ರಾಂತ್ಯದ ಖ್ರೆನೊವೊ ಶಿಕ್ಷಕರ ತರಬೇತಿ ಶಾಲೆಗೆ ಸೇರಿದ ಸೊರೋಕಿನ್ ಅಲ್ಲಿ ಸೋಶಿಯಲಿಸ್ಟ್ ರೆವಲ್ಯೂಷನರಿ ಪಕ್ಷದ ಕಾರ್ಯಕರ್ತನಾದ. ರೈತರ ಹಿತವನ್ನು ಮುಂದಿಟ್ಟ ಪಕ್ಷ ಅದು. 1906ರ ಕೊನೆಯಲ್ಲಿ ಬಂಧನಕ್ಕೊಳಗಾಗಿ ಕೆಲವು ತಿಂಗಳು ಸೆರೆಮನೆಯಲ್ಲಿದ್ದ. ಬಿಡುಗಡೆಯ ನಂತರ ಸೇಂಟ್ ಪೀಟರ್ಸ್‌ಬರ್ಗ್ ಸೇರಿ, ಸಂಜೆ ತರಗತಿಗಳಲ್ಲಿ ಓದಿ, 1909ರಲ್ಲಿ ಸೈಕೊ-ನ್ಯೂರಾಲಜಿಕಲ್ ಇನ್‌ಸ್ಟಿಟ್ಯೂಟಿಗೆ, ಮರುವರ್ಷ ವಿಶ್ವವಿದ್ಯಾಲಯಕ್ಕೆ ಪ್ರವೇಶ ಪಡೆದ. ಮಾಕ್ಸಿಮ್ ಕೊವಲೆವ್‌ಸ್ಕಿ, ಡಿ ರಾಬರ್ಟಿ, ಪೆತ್ರಜಿತ್ಸ್ಕಿ ಮೊದಲಾದ ವಿದ್ವಾಂಸರ ಶಿಷ್ಯತ್ವ ದೊರೆಯಿತು. 1910ರ ಹೊತ್ತಿಗೆ ಅವನು ಪ್ರಕಟಿಸಿದ ಬರಹಗಳಲ್ಲಿ ಕೋಮಿ ಜನರ ಸರ್ವಚೇತನ ನಂಬಿಕೆಗಳ ಉಳಿಕೆಗಳನ್ನು ಕುರಿತ ಅಧ್ಯಯನವೂ ಇದೆ. ತಾನು ಬಿಟ್ಟುಬಂದ ಸಮುದಾಯವನ್ನೇ ಅವನು ಮೊದಲು ಅಧ್ಯಯನದ ವಸ್ತುವಾಗಿಸಿಕೊಂಡ ಎಂಬುದು ಜಾನಪದದ ವಿದ್ಯಾರ್ಥಿಗಳಿಗೆ ಆಸಕ್ತಿಯ ಸಂಗತಿ.

3. ಕ್ರಾಂತಿ, ಮರಣದಂಡನೆ, ಗಡೀಪಾರು

1917ರ ಫೆಬ್ರುವರಿ ಕ್ರಾಂತಿಯಲ್ಲಿ ಸೊರೋಕಿನ್ ಅಧಿಕಾರದ ಕೇಂದ್ರಕ್ಕೆ ಹತ್ತಿರವಾದ. ಪಕ್ಷದ ಪತ್ರಿಕೆಯ ಸಂಪಾದಕನಾಗಿ, ತಾತ್ಕಾಲಿಕ ಸರ್ಕಾರದ ಪ್ರಧಾನಿ ಕೆರೆನ್‌ಸ್ಕಿಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದ. ಸಂವಿಧಾನ ಸಭೆಗೂ ಆಯ್ಕೆಯಾದ. ಅದೇ ವರ್ಷ ಸಸ್ಯವಿಜ್ಞಾನಿ ಎಲೆನಾ ಬರಾತಿನ್‌ಸ್ಕಾಯಾಳನ್ನು ವಿವಾಹವಾದ. ಅಕ್ಟೋಬರ್ ಕ್ರಾಂತಿಯೊಂದಿಗೆ ಎಲ್ಲವೂ ತಲೆಕೆಳಗಾಯಿತು. 1918ರ ಆರಂಭದಲ್ಲಿ ಪೀಟರ್ ಮತ್ತು ಪಾಲ್ ಕೋಟೆಯ ಸೆರೆವಾಸ, ಬಳಿಕ ಉತ್ತರದ ಕಾಡುಗಳಲ್ಲಿ ತಲೆಮರೆಸಿಕೊಂಡ ದಿನಗಳು, ಕೊನೆಗೆ ವೆಲಿಕಿ ಉಸ್ತ್ಯುಗ್‌ನಲ್ಲಿ ಶರಣಾಗತಿ ಮತ್ತು ಮರಣದಂಡನೆಯ ತೀರ್ಪು. ತಂದೆಯ ಮೂಲ ಊರಿನ ಸೆರೆಮನೆಯಲ್ಲಿ ಅವನು ಪ್ರತಿ ರಾತ್ರಿ ತನ್ನ ಸರದಿಗಾಗಿ ಕಾಯಬೇಕಾಯಿತು. ಆ ವೇಳೆಗೆ ತಾನು ರಾಜಕೀಯದಿಂದ ಹಿಂದೆ ಸರಿಯುವುದಾಗಿ ಅವನು ಬರೆದ ಪತ್ರ ಪ್ರಕಟವಾಗಿತ್ತು. ಹೊಸ ಸರ್ಕಾರದಲ್ಲಿದ್ದ ಹಳೆಯ ಪರಿಚಿತರು ಅವನ ಪರವಾಗಿ ಮಧ್ಯಪ್ರವೇಶಿಸಿದರು. ಲೆನಿನ್ ನವೆಂಬರ್‌ನಲ್ಲಿ 'ಪ್ರಾವ್ದಾ' ಪತ್ರಿಕೆಯಲ್ಲಿ ಆ ಪತ್ರವನ್ನು ಕುರಿತೇ ಲೇಖನ ಬರೆದ. ಸೊರೋಕಿನ್‌ನ ಜೀವ ಉಳಿಯಿತು. ಅವನ ಅಣ್ಣ ತಮ್ಮಂದಿರು ಮಾತ್ರ ಕ್ರಾಂತಿಯ ವರ್ಷಗಳ ಹಿಂಸೆಗೆ ಬಲಿಯಾದರು.

ಪೆತ್ರೊಗ್ರಾದ್‌ಗೆ ಮರಳಿ ಬೋಧನೆಯಲ್ಲಿ ತೊಡಗಿದ ಅವನು 1920ರಲ್ಲಿ ಎರಡು ಸಂಪುಟಗಳ 'ಸಮಾಜಶಾಸ್ತ್ರದ ವ್ಯವಸ್ಥೆ'ಯನ್ನು ಪ್ರಕಟಿಸಿದ. ಸಾಮಾಜಿಕ ಸ್ತರಗಳ ವಿಶ್ಲೇಷಣೆಯ ಬೀಜರೂಪ ಇಲ್ಲಿದೆ. 1921ರ ಭೀಕರ ಕ್ಷಾಮದ ವೇಳೆ ಸಮಾರಾ, ಸರಾತೊವ್ ಪ್ರಾಂತ್ಯಗಳಿಗೆ ಹೋಗಿ ಹಸಿವಿನ ಸಾಮಾಜಿಕ ಪರಿಣಾಮಗಳನ್ನು ಕಣ್ಣಾರೆ ಕಂಡು ಬರೆದ. ಆ ಗ್ರಂಥ ಪೂರ್ಣವಾಗಿ ಹೊರಬರಲು ಸರ್ಕಾರ ಬಿಡಲಿಲ್ಲ. 1922ರ ಸೆಪ್ಟೆಂಬರ್‌ನಲ್ಲಿ, ಅನೇಕ ಬುದ್ಧಿಜೀವಿಗಳನ್ನು ದೇಶದಿಂದ ಹೊರಹಾಕಿದ ಸಂದರ್ಭದಲ್ಲಿ, ಸೊರೋಕಿನ್ ದಂಪತಿಗಳೂ ರಷ್ಯಾ ಬಿಟ್ಟರು. ಅವನು ಮತ್ತೆ ತಾಯ್ನಾಡನ್ನು ಕಾಣಲಿಲ್ಲ.

ಈ ಐದು ವರ್ಷಗಳು ಅವನ ಚಿಂತನೆಯ ಮೇಲೆ ಬೀರಿದ ಪ್ರಭಾವ ಸ್ಪಷ್ಟವಾಗಿದೆ. ಅವನ ಕಣ್ಣೆದುರಿಗೆ ಒಂದು ಇಡೀ ಮೇಲುಸ್ತರ ಕೆಳಕ್ಕುರುಳಿತು. ಕೆಳಸ್ತರದ ಅನೇಕರು ರಾತ್ರೋರಾತ್ರಿ ಮೇಲೇರಿದರು. ಲಂಬ ಚಲನೆಯ ದೃಷ್ಟಿಯಿಂದ ಅಂಥ ತೀವ್ರತೆಯ ಕಾಲ ಮತ್ತೊಂದಿಲ್ಲ. ಹಾಗೆಂದು ಸ್ತರಗಳು ಅಳಿಯಲಿಲ್ಲ. ಏರಿದವರು ಹೊಸ ಮೇಲುಸ್ತರವಾದರು, ಬಾಗಿಲು ಮತ್ತೆ ಮುಚ್ಚತೊಡಗಿತು. ಚಲನೆ ಹೆಚ್ಚಾದೊಡನೆ ಸಮಾನತೆ ಹೆಚ್ಚುವುದಿಲ್ಲ ಎಂಬ ತಿಳಿವಳಿಕೆ ಅವನಿಗೆ ಪುಸ್ತಕಗಳಿಂದಷ್ಟೇ ಬಂದುದಲ್ಲ.

4. 1927ರ ಗ್ರಂಥ

ಬರ್ಲಿನ್, ಪ್ರಾಗ್‌ಗಳ ಮೂಲಕ 1923ರಲ್ಲಿ ಅಮೆರಿಕ ತಲುಪಿದ ಸೊರೋಕಿನ್, 1924ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ನೆಲೆ ಕಂಡ. ಅಲ್ಲಿನ ಆರು ವರ್ಷಗಳಲ್ಲಿ ಹೊರಬಂದ ಗ್ರಂಥಗಳಲ್ಲಿ 'ಸೋಶಿಯಲ್ ಮೊಬಿಲಿಟಿ' ಪ್ರಮುಖವಾದುದು. ವೃತ್ತಿ, ಸ್ಥಾನಮಾನಗಳ ಶ್ರೇಣಿಯಲ್ಲಿ ಮೇಲಕ್ಕೆ ಅಥವಾ ಕೆಳಕ್ಕೆ ಸಾಗುವ ಲಂಬ ಚಲನೆ, ಒಂದೇ ಮಟ್ಟದಲ್ಲಿ ಸ್ಥಳಾಂತರವಾಗುವ ಸಮತಲ ಚಲನೆ ಎಂಬ ವರ್ಗೀಕರಣ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ವ್ಯಕ್ತಿಗಳು ಎಷ್ಟು ದೂರ ಏರಿಳಿಯುತ್ತಾರೆ ಎಂಬ ತೀವ್ರತೆಯನ್ನು, ಎಷ್ಟು ಜನ ಏರಿಳಿಯುತ್ತಾರೆ ಎಂಬ ವ್ಯಾಪ್ತಿಯಿಂದ ಅವನು ಪ್ರತ್ಯೇಕಿಸಿದ. ಬೆರಳೆಣಿಕೆಯ ಜನ ತಳದಿಂದ ತುದಿಗೆ ಹೋದ ಸಮಾಜವೂ, ಬಹುಜನ ಒಂದೊಂದೇ ಮೆಟ್ಟಿಲು ಏರಿದ ಸಮಾಜವೂ ಒಂದೇ ಅಲ್ಲ. ಸಮಾಜಗಳನ್ನು ಹೋಲಿಸಲು ಹೊರಟವರಿಗೆ ಈ ವಿವೇಚನೆ ಮೊದಲ ಸಾಧನವಾಯಿತು.

ಎರಡನೆಯದಾಗಿ, ಚಲನೆಗೆ ಮಾರ್ಗಗಳಿವೆ ಎಂದು ಅವನು ತೋರಿಸಿದ. ಸೈನ್ಯ, ಧರ್ಮಸಂಸ್ಥೆ, ಶಾಲೆ, ರಾಜಕೀಯ ಪಕ್ಷ, ಆರ್ಥಿಕ ಸಂಸ್ಥೆ, ವಿವಾಹ ಇವು ಜನರನ್ನು ಮೇಲಕ್ಕೊಯ್ಯುವ ಕಾಲುವೆಗಳು. ಜೊತೆಗೆ ಯಾರು ಹೋಗಬೇಕು ಎಂಬುದನ್ನು ನಿರ್ಧರಿಸುವ ಜರಡಿಗಳು. ಶಾಲೆ ಕೇವಲ ಕಲಿಸುವ ಸ್ಥಳವಲ್ಲ, ಆಯ್ದು ಹಂಚುವ ಯಂತ್ರ ಎಂಬುದು ಅವನ ಗ್ರಹಿಕೆ. ಎಲ್ಲರಿಗೂ ಶಾಲೆ ತೆರೆದಾಗ ಸ್ತರಗಳು ಮಾಯವಾಗುತ್ತವೆಂಬ ನಂಬಿಕೆಯನ್ನು ಅವನು ಒಪ್ಪಲಿಲ್ಲ. ತೇರ್ಗಡೆಯಾದವರನ್ನೂ ಅನುತ್ತೀರ್ಣರನ್ನೂ ಬೇರ್ಪಡಿಸುವ ಕೆಲಸವನ್ನು ಶಾಲೆ ಇನ್ನಷ್ಟು ದಕ್ಷವಾಗಿ ಮಾಡಬಹುದು ಎಂಬ ಎಚ್ಚರ ಅವನದು. ಗಾಮ್ ಊರಿನ ಪ್ರವೇಶ ಪರೀಕ್ಷೆಯಲ್ಲಿ ಗೆದ್ದವನಿಂದ ಈ ಮಾತು ಬಂದಿದೆ ಎಂಬುದು ಗಮನಾರ್ಹ.

ಮೂರನೆಯದು, ಗ್ರಂಥದ ಅತ್ಯಂತ ವಿವಾದಾತ್ಮಕ ತೀರ್ಮಾನ. ಚಲನೆ ಕಾಲಕ್ರಮದಲ್ಲಿ ಏರುತ್ತಲೇ ಹೋಗುತ್ತದೆ ಎಂಬುದಕ್ಕಾಗಲಿ, ಇಳಿಯುತ್ತಲೇ ಹೋಗುತ್ತದೆ ಎಂಬುದಕ್ಕಾಗಲಿ ಆಧಾರವಿಲ್ಲ. ಇತಿಹಾಸದಲ್ಲಿ ಕಾಣುವುದು ದಿಕ್ಕಿಲ್ಲದ ಏರಿಳಿತ ಮಾತ್ರ ಎಂದು ಅವನು ಸಾಧಿಸಿದ. ಇದಕ್ಕಾಗಿ ಅವನು ಸಂಗ್ರಹಿಸಿದ ಸಾಮಗ್ರಿ ವಿಸ್ತಾರವಾದುದು. ಆಳುವವರಲ್ಲಿ ಕೆಳಸ್ತರದಿಂದ ಬಂದವರ ಪ್ರಮಾಣವನ್ನು ಲೆಕ್ಕ ಹಾಕಿದಾಗ ಪಶ್ಚಿಮ ರೋಮನ್ ಸಾಮ್ರಾಜ್ಯದಲ್ಲಿ ಅದು ಶೇ. 45ರ ಆಸುಪಾಸು, ಅಮೆರಿಕದ ಅಧ್ಯಕ್ಷರಲ್ಲಿ ಶೇ. 48ರ ಆಸುಪಾಸು, ರಷ್ಯಾದ ಅರಸರಲ್ಲಿ ಶೇ. 5ರಷ್ಟು ಎಂದು ಕಂಡುಬಂತು. ಪ್ರಜಾಪ್ರಭುತ್ವದಲ್ಲಿ ಬಾಗಿಲು ತೆರೆದಿರುತ್ತದೆ, ನಿರಂಕುಶ ಪ್ರಭುತ್ವದಲ್ಲಿ ಮುಚ್ಚಿರುತ್ತದೆ ಎಂಬ ಸರಳ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಕೋಟ್ಯಧೀಶರನ್ನು ಅಧ್ಯಯನ ಮಾಡಿದಾಗ, ಬಡತನದಿಂದ ಮೇಲೆದ್ದವರ ಪ್ರಮಾಣ ಹಿಂದಿನ ತಲೆಮಾರಿಗಿಂತ ತನ್ನ ಕಾಲದವರಲ್ಲಿ ಕಡಿಮೆಯಾಗಿದೆ ಎಂದು ಅವನು ಕಂಡುಕೊಂಡ. ತನಗೆ ಆಶ್ರಯ ಕೊಟ್ಟ ದೇಶ ತನ್ನ ಬಗ್ಗೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಥೆಗೇ ಇದು ವಿರುದ್ಧವಾಗಿತ್ತು.

ನಾಲ್ಕನೆಯದು ಚಲನೆಯ ಬೆಲೆಯನ್ನು ಕುರಿತದ್ದು. ಚಲನೆ ಮನಸ್ಸನ್ನು ವಿಶಾಲಗೊಳಿಸುತ್ತದೆ, ಪ್ರತಿಭೆಗೆ ಎಡೆ ಕೊಡುತ್ತದೆ ಎಂಬುದನ್ನು ಅವನು ಒಪ್ಪುತ್ತಾನೆ. ಆದರೆ ಅದು ಆಪ್ತ ಸಂಬಂಧಗಳನ್ನು ಸಡಿಲಿಸುತ್ತದೆ, ಮಾನಸಿಕ ಒತ್ತಡವನ್ನೂ ಒಂಟಿತನವನ್ನೂ ಹೆಚ್ಚಿಸುತ್ತದೆ, ಯಾವುದರಲ್ಲೂ ಗಟ್ಟಿಯಾದ ನಂಬಿಕೆಯಿಲ್ಲದ ಸಂಶಯವಾದಕ್ಕೆ ದಾರಿಮಾಡುತ್ತದೆ ಎಂದೂ ವಿಶ್ಲೇಷಿಸುತ್ತಾನೆ. ಭಾಷೆ, ಊರು, ಒಡಹುಟ್ಟಿದವರು, ದೇಶ ಎಲ್ಲವನ್ನೂ ಹಿಂದೆ ಬಿಟ್ಟು ಬಂದ ಲೇಖಕ ಈ ಅಧ್ಯಾಯಗಳಲ್ಲಿ ತನ್ನ ಹೆಸರನ್ನೆತ್ತುವುದಿಲ್ಲ. ಅವನ ಜೀವನವನ್ನು ಬಲ್ಲ ಓದುಗರಿಗೆ ಮಾತ್ರ ಈ ಪುಟಗಳ ತೂಕ ಬೇರೆಯಾಗಿ ತೋರುತ್ತದೆ.

5. ಹಾರ್ವರ್ಡ್ ಮತ್ತು ನಂತರ

1930ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಸೊರೋಕಿನ್‌ನನ್ನು ಆಹ್ವಾನಿಸಿತು. ಮರುವರ್ಷ ಅಲ್ಲಿ ಸಮಾಜಶಾಸ್ತ್ರ ವಿಭಾಗ ಆರಂಭವಾದಾಗ ಅದರ ನೇತೃತ್ವ ಅವನದಾಯಿತು. ರಾಬರ್ಟ್ ಮರ್ಟನ್ ಆ ವಿಭಾಗದ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲೊಬ್ಬ. 1937ರಿಂದ 1941ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದ 'ಸೋಶಿಯಲ್ ಅಂಡ್ ಕಲ್ಚರಲ್ ಡೈನಮಿಕ್ಸ್' ನಾಗರಿಕತೆಗಳ ಏರಿಳಿತವನ್ನು ಕುರಿತ ಬೃಹತ್ ಕೃತಿ. ಆದರೆ ವಿಭಾಗದೊಳಗೆ ತಾಲ್ಕಟ್ ಪಾರ್ಸನ್ಸ್‌ನ ಪ್ರಭಾವ ಬೆಳೆಯಿತು. 1946ರಲ್ಲಿ ಪಾರ್ಸನ್ಸ್‌ನ ಮುಂದಾಳತ್ವದಲ್ಲಿ ಹೊಸ ವಿಭಾಗ ರೂಪುಗೊಂಡಾಗ ಸೊರೋಕಿನ್ ಅಂಚಿಗೆ ಸರಿದ. ಔಷಧ ಉದ್ಯಮಿ ಈಲೈ ಲಿಲಿಯ ನೆರವಿನಿಂದ 1949ರಲ್ಲಿ ಪರಹಿತಭಾವವನ್ನು ಅಧ್ಯಯನ ಮಾಡುವ ಕೇಂದ್ರವನ್ನು ಸ್ಥಾಪಿಸಿದ. ಗಾಂಧೀಜಿಯವರ ಬದುಕು ಅವನ ಈ ಕಾಲದ ಬರಹಗಳಲ್ಲಿ ಉದಾಹರಣೆಯಾಗಿ ಬರುತ್ತದೆ. ಸಹೋದ್ಯೋಗಿಗಳಲ್ಲಿ ಹಲವರು ಇದನ್ನು ವಿಜ್ಞಾನದಿಂದ ದೂರ ಸರಿದ ಕೆಲಸವೆಂದು ಬಗೆದರು. ಬಹುಕಾಲ ಕಡೆಗಣನೆಗೆ ಒಳಗಾದ ಅವನ ಹೆಸರನ್ನು ಕೊನೆಗೆ ಸಾಮಾನ್ಯ ಸದಸ್ಯರೇ ಮನವಿಯ ಮೂಲಕ ಮುಂದಿಟ್ಟು, ಅಮೆರಿಕನ್ ಸಮಾಜಶಾಸ್ತ್ರ ಸಂಘದ ಅಧ್ಯಕ್ಷನನ್ನಾಗಿ ಆರಿಸಿದರು. 1965ರಲ್ಲಿ ಆ ಪದವಿ ನಿರ್ವಹಿಸಿದ ಸೊರೋಕಿನ್ 1968ರ ಫೆಬ್ರುವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವಿಂಚೆಸ್ಟರ್‌ನಲ್ಲಿ ತೀರಿಕೊಂಡ. ಕೋಮಿ ಗಣರಾಜ್ಯದ ಸಿಕ್ತಿವ್‌ಕಾರ್ ವಿಶ್ವವಿದ್ಯಾಲಯಕ್ಕೆ ಇಂದು ಅವನ ಹೆಸರಿದೆ.

6. ಕೈಗಾರಿಕಾ ಸಮಾಜಗಳ ಹೋಲಿಕೆ

ಎರಡನೆಯ ಮಹಾಯುದ್ಧದ ನಂತರ ರಾಷ್ಟ್ರಮಟ್ಟದ ಮಾದರಿ ಸಮೀಕ್ಷೆಗಳು ಆರಂಭವಾದವು. ಬ್ರಿಟನ್ನಿನಲ್ಲಿ ಡೇವಿಡ್ ಗ್ಲಾಸ್ ಸಂಪಾದಿಸಿದ ಅಧ್ಯಯನ 1954ರಲ್ಲಿ ಬಂತು. 1959ರಲ್ಲಿ ಲಿಪ್ಸೆಟ್ ಮತ್ತು ಬೆಂಡಿಕ್ಸ್ ಪ್ರಕಟಿಸಿದ ಗ್ರಂಥದಲ್ಲಿ, ದೈಹಿಕ ದುಡಿಮೆಯಿಂದ ಅದಿಲ್ಲದ ವೃತ್ತಿಗಳಿಗೆ ಸಾಗುವ ಪ್ರಮಾಣ ಪಶ್ಚಿಮದ ಕೈಗಾರಿಕಾ ದೇಶಗಳಲ್ಲಿ ಬಹುಮಟ್ಟಿಗೆ ಒಂದೇ ಬಗೆಯದು ಎಂಬ ವಾದ ಮಂಡಿತವಾಯಿತು. ಅಮೆರಿಕ ಯುರೋಪಿಗಿಂತ ಹೆಚ್ಚು ತೆರೆದ ಸಮಾಜ ಎಂಬ ನಂಬಿಕೆ ಇದರಿಂದ ಅಲುಗಾಡಿತು. ಕೈಗಾರಿಕೀಕರಣ ಮುಂದುವರಿದಂತೆ ಹುಟ್ಟಿನ ಪ್ರಭಾವ ಕುಗ್ಗಿ ಸಾಧನೆಯ ಪ್ರಭಾವ ಹೆಚ್ಚುತ್ತದೆ ಎಂಬ ಪ್ರತಿವಾದವೂ ಬೆಳೆಯಿತು. 1975ರಲ್ಲಿ ಫೆದರ್‌ಮನ್, ಜೋನ್ಸ್ ಮತ್ತು ಹೌಸರ್ ಈ ಚರ್ಚೆಗೆ ಹೊಸ ತಿರುವು ಕೊಟ್ಟರು. ದೇಶಗಳ ನಡುವೆ ಕಾಣುವ ವ್ಯತ್ಯಾಸ ವೃತ್ತಿರಚನೆಯ ಬದಲಾವಣೆಯಿಂದ ಬಂದುದು, ಅದನ್ನು ಕಳೆದರೆ ಉಳಿಯುವ ಅವಕಾಶಗಳ ಅನುಪಾತ ಸರಿಸುಮಾರು ಸಮಾನ ಎಂಬುದು ಅವರ ಪ್ರತಿಪಾದನೆ.

ಈ ಭೇದವನ್ನು ಒಂದು ಕಲ್ಪಿತ ಲೆಕ್ಕದಿಂದ ಸ್ಪಷ್ಟಪಡಿಸಿಕೊಳ್ಳಬಹುದು. ಒಂದು ಸಮಾಜದಲ್ಲಿ ನೂರು ಮಂದಿ ಕೂಲಿಕಾರರ ಮಕ್ಕಳಲ್ಲಿ 10 ಮಂದಿ, ನೂರು ಮಂದಿ ಗುಮಾಸ್ತರ ಮಕ್ಕಳಲ್ಲಿ 40 ಮಂದಿ ಕಚೇರಿಯ ಕೆಲಸ ಪಡೆಯುತ್ತಾರೆ ಎಂದುಕೊಳ್ಳೋಣ. ಮುಂದಿನ ತಲೆಮಾರಿಗೆ ಕಚೇರಿಗಳು ಹೆಚ್ಚಿ, ಈ ಸಂಖ್ಯೆಗಳು ಕ್ರಮವಾಗಿ 20 ಮತ್ತು 60 ಆಗುತ್ತವೆ. ಕೂಲಿಕಾರರ ಮನೆಗಳಲ್ಲಿ ಇದು ಇಮ್ಮಡಿ ಏಳಿಗೆ. ಆದರೆ ಕೆಲಸ ಪಡೆದವರಿಗೂ ಪಡೆಯದವರಿಗೂ ಇರುವ ಅನುಪಾತವನ್ನು ತೆಗೆದರೆ, ಮೊದಲ ತಲೆಮಾರಿನಲ್ಲಿ ಅದು 1:9 ಮತ್ತು 2:3, ಎರಡನೆಯದರಲ್ಲಿ 1:4 ಮತ್ತು 3:2. ಎರಡು ಸಂದರ್ಭಗಳಲ್ಲೂ ಗುಮಾಸ್ತನ ಮಗನ ಅವಕಾಶ ಕೂಲಿಕಾರನ ಮಗನದಕ್ಕಿಂತ ಆರು ಪಟ್ಟು. ಏಣಿಯ ಮೇಲಿನ ಮೆಟ್ಟಿಲುಗಳಲ್ಲಿ ಜಾಗ ಹೆಚ್ಚಾಯಿತೇ ಹೊರತು ಸ್ಪರ್ಧೆಯ ನಿಯಮ ಬದಲಾಗಲಿಲ್ಲ. ಮೊದಲನೆಯದನ್ನು ನಿರಪೇಕ್ಷ ಚಲನೆ, ಎರಡನೆಯದನ್ನು ಸಾಪೇಕ್ಷ ಚಲನೆ ಎಂದು ಕರೆಯಲಾಗುತ್ತದೆ.

ಯುರೋಪಿನ ಹಲವು ದೇಶಗಳ ಜೊತೆಗೆ ಅಮೆರಿಕ, ಆಸ್ಟ್ರೇಲಿಯಾ, ಜಪಾನ್‌ಗಳ ದತ್ತಾಂಶವನ್ನು ವಿಶ್ಲೇಷಿಸಿ ಎರಿಕ್ಸನ್ ಮತ್ತು ಗೋಲ್ಡ್‌ಥಾರ್ಪ್ 1992ರಲ್ಲಿ ಪ್ರಕಟಿಸಿದ 'ದ ಕಾನ್‌ಸ್ಟೆಂಟ್ ಫ್ಲಕ್ಸ್' ಗ್ರಂಥ ಇದೇ ಭೇದದ ಮೇಲೆ ನಿಂತಿದೆ. ನಿರಪೇಕ್ಷ ಪ್ರಮಾಣಗಳು ದೇಶದಿಂದ ದೇಶಕ್ಕೆ ದಿಕ್ಕಿಲ್ಲದೆ ಏರಿಳಿಯುತ್ತವೆ, ಸಾಪೇಕ್ಷ ಅವಕಾಶಗಳು ಬಹುಮಟ್ಟಿಗೆ ಸ್ಥಿರವಾಗಿರುತ್ತವೆ ಎಂಬ ಅವರ ನಿರ್ಣಯ ಸೊರೋಕಿನ್‌ನ ನಿಲುವಿಗೆ ಮರುಜೀವ ಕೊಟ್ಟಿತು. 2004ರಲ್ಲಿ ರಿಚರ್ಡ್ ಬ್ರೀನ್ ಸಂಪಾದಿಸಿದ ಯುರೋಪಿನ ಅಧ್ಯಯನವು ಕೆಲವು ದೇಶಗಳಲ್ಲಿ ಸಾಪೇಕ್ಷ ಅವಕಾಶಗಳೂ ಸಡಿಲಗೊಂಡಿವೆ ಎಂದು ತೋರಿಸಿ ಆ ನಿರ್ಣಯಕ್ಕೆ ಮಿತಿ ಹಾಕಿತು. ಚರ್ಚೆ ಮುಗಿದಿಲ್ಲ. ಆದರೆ ಚರ್ಚೆಯ ಚೌಕಟ್ಟು 1927ರಲ್ಲಿ ಹಾಕಿದ್ದೇ ಆಗಿದೆ.

7. ಮಿತಿಗಳು ಮತ್ತು ಸಮಾರೋಪ

ಸೊರೋಕಿನ್‌ನ ಅಧ್ಯಯನಕ್ಕೆ ಮಿತಿಗಳಿಲ್ಲದಿಲ್ಲ. ಅವನ ಕೋಷ್ಟಕಗಳು ಮುಖ್ಯವಾಗಿ ತಂದೆ ಮತ್ತು ಗಂಡುಮಕ್ಕಳ ವೃತ್ತಿಗಳನ್ನು ಹೋಲಿಸುತ್ತವೆ. ಈ ಪದ್ಧತಿ ಮುಂದಿನ ಹಲವು ದಶಕಗಳ ಸಮೀಕ್ಷೆಗಳಲ್ಲೂ ಮುಂದುವರಿಯಿತು. ಪತ್ನಿ ಎಲೆನಾ ಮಿನೆಸೋಟಾದಲ್ಲಿ 1925ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಜೀವಕೋಶಗಳ ಸಂಶೋಧಕಿಯಾಗಿ ದುಡಿದವಳು. ಅಂಥ ಹೆಣ್ಣಿನ ಏಳಿಗೆಯನ್ನಾಗಲಿ, ಗಂಡನ ವೃತ್ತಿಯ ಜೊತೆ ಊರು ಬದಲಿಸಬೇಕಾದ ಅವಳ ಸ್ಥಿತಿಯನ್ನಾಗಲಿ ಅಳೆಯಲು ಆ ಕೋಷ್ಟಕಗಳಲ್ಲಿ ಅಂಕಣವಿರಲಿಲ್ಲ.

ಭಾರತವನ್ನು ಕುರಿತೂ ಒಂದು ಮಾತು ಅಗತ್ಯ. ಸೊರೋಕಿನ್ ಜಾತಿಸಮಾಜವನ್ನು ಅತ್ಯಂತ ಕಡಿಮೆ ಚಲನೆಯ ಮಾದರಿಯೆಂದು ಪರಿಗಣಿಸಿದ. ಆದರೂ ಯಾವ ಸಮಾಜವೂ ಪೂರ್ಣವಾಗಿ ಮುಚ್ಚಿರುವುದಿಲ್ಲ ಎಂಬ ತನ್ನ ತತ್ವವನ್ನು ಇಲ್ಲಿಗೂ ಅನ್ವಯಿಸಿದ. ವ್ಯಕ್ತಿಯಲ್ಲದೆ ಇಡೀ ಸಮೂಹವೇ ಮೇಲೇರುವುದಕ್ಕೆ ಅವನು ಕೊಟ್ಟ ಉದಾಹರಣೆಗಳಲ್ಲಿ ಪ್ರಾಚೀನ ಭಾರತದಲ್ಲಿ ಬ್ರಾಹ್ಮಣರು ಅಗ್ರಸ್ಥಾನ ಪಡೆದ ಬಗೆಯೂ ಒಂದು. ಅದು ಗ್ರಂಥಗಳ ಆಧಾರದ ಮೇಲೆ ಮಾಡಿದ ಊಹೆ. ಕೊಡಗನ್ನು ಕುರಿತ 1952ರ ಗ್ರಂಥದಿಂದ ಆರಂಭಿಸಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಅವರು ಸಮೂಹದ ಚಲನೆಯನ್ನು ಸಂಸ್ಕೃತೀಕರಣದ ಪರಿಕಲ್ಪನೆಯ ಮೂಲಕ ವಿವರಿಸಿದರು. ಜಾತಿಯೊಂದು ತನ್ನ ಸ್ಥಾನವನ್ನು ಬದಲಿಸಿಕೊಂಡರೂ ಶ್ರೇಣಿಯ ರಚನೆ ಬದಲಾಗುವುದಿಲ್ಲ ಎಂಬ ಅವರ ವಿವೇಚನೆಯನ್ನು ಸೊರೋಕಿನ್‌ನ ವಾದದ ಪಕ್ಕದಲ್ಲಿಟ್ಟು ಓದಬೇಕು. ರಷ್ಯಾದ ಕ್ರಾಂತಿಯಿಂದ ಒಬ್ಬ, ಕರ್ನಾಟಕದ ಕ್ಷೇತ್ರಕಾರ್ಯದಿಂದ ಇನ್ನೊಬ್ಬರು ಹತ್ತಿರದ ನಿಲುವುಗಳನ್ನು ತಲುಪಿದ್ದಾರೆ.

ಒಟ್ಟಿನಲ್ಲಿ, ಸೊರೋಕಿನ್‌ನ ಬದುಕು ಮತ್ತು ಗ್ರಂಥಗಳು ನಮ್ಮ ಅಧ್ಯಯನಕ್ಕೆ ಮೂರು ಪ್ರಶ್ನೆಗಳನ್ನು ಒದಗಿಸುತ್ತವೆ. ಕಥನವೊಂದರಲ್ಲಿ ಪಾತ್ರವೊಂದು ಮೇಲೇರಿದಾಗ, ಮೇಲೆ ಜಾಗ ಹೆಚ್ಚಾಗಿದ್ದರಿಂದ ಏರಿತೇ ಅಥವಾ ಸ್ಪರ್ಧೆಯ ನಿಯಮ ಸಡಿಲವಾದದ್ದರಿಂದ ಏರಿತೇ? ಯಾವ ಜರಡಿ ಅದನ್ನು ಆಯ್ದುಕೊಂಡಿತು, ಯಾರನ್ನು ಕೆಳಗುಳಿಸಿತು? ಆ ಏರಿಕೆಗೆ ತೆತ್ತ ಬೆಲೆ ಏನು? ಒಬ್ಬ ವ್ಯಕ್ತಿಯ ಏಳಿಗೆಯನ್ನು ಸಮಾಜದ ಏಳಿಗೆಯೆಂದು ಎಣಿಸುವ ಮುನ್ನ ಈ ಮೂರಕ್ಕೂ ಉತ್ತರ ಹುಡುಕಬೇಕಾಗುತ್ತದೆ. ತನ್ನದೇ ಏಳಿಗೆಯ ವಿಷಯದಲ್ಲೂ ಆ ಅವಸರ ತೋರದಿದ್ದುದು ಸೊರೋಕಿನ್‌ನ ವಿದ್ವತ್ತಿನ ಪ್ರಾಮಾಣಿಕತೆಯನ್ನು ಸೂಚಿಸುತ್ತದೆ.